ಎರಡು ಸಲ ಕೇಳಿದೆ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಸಮೀಕ್ಷೆಗೆ ಹೋಗಿ ಒಂದೇ ಮನೆಯಲ್ಲಿ ಎರಡು ಗಂಟೆ ಕೂತೆ ಅಂತ ಬೈಸಿಕೊಂಡು ನೀನು ಅಳುತ್ತಿದ್ದೆ. ನಾನೋ, "ಸುಮ್ನೆ ಫಾರ್ಮ್ ತುಂಬಿಸಿ ಮುಂದಕ್ಕೆ ಹೋಗು" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ತಪ್ಪಾಯಿತು.

ನಿನಗೆ ಹೇಳದೇ ಇದ್ದ ಒಂದು ವಿಷಯ ಇದೆ. ನೀನು ಹುಟ್ಟುವ ಮೊದಲು ಒಂದು ಸಮೀಕ್ಷೆಯ ಡೇಟಾ ಸರಿಪಡಿಸುತ್ತಿದ್ದೆ. ಒಂದು ಕುಟುಂಬದ ಖರ್ಚು ತೀರಾ ಕಡಿಮೆ ಬಂದಿತ್ತು. ಊಟದ ಸಾಲುಗಳಲ್ಲಿ ಬರೀ ಸೊನ್ನೆ. ಇಷ್ಟರಲ್ಲಿ ಯಾರೂ ಬದುಕಲು ಆಗಲ್ಲ, ಬರೆದುಕೊಂಡವರೇ ತಪ್ಪಿರಬೇಕು ಅಂದುಕೊಂಡೆ. ಆ ಮನೆಯನ್ನು ಅಳಿಸಿದೆ. ವರದಿ ಅಚ್ಚಾಯಿತು. ತಿಂಗಳುಗಳ ಮೇಲೆ ಬೇರೇನೋ ಹುಡುಕುವಾಗ ಆ ಫಾರ್ಮ್ ಕೈಗೆ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲ್‌ನ ಷರಾ: "ಎರಡು ಸಲ ಕೇಳಿದೆ. ಸೊನ್ನೆಯೇ."

ಬರೆದವರು ಅಲ್ಲಿ ಎಷ್ಟು ಹೊತ್ತು ಕೂತಿದ್ದರೋ. ಎರಡನೇ ಸಲ ಕೇಳುವಾಗ ಅವರಿಗೆ ಹೇಗಾಗಿತ್ತೋ. ಬಡವರನ್ನು ಎಣಿಸಲು ಕೂತವಳು ನಾನು. ಜಾಸ್ತಿ ಬಡವರು ಅಂತಲೇ ಅವರನ್ನು ಲೆಕ್ಕದಿಂದ ಹೊರಗೆ ಹಾಕಿದೆ. ಸಾವಿರಾರು ಮನೆಗಳಲ್ಲಿ ಒಂದು ಹೋದರೆ ಸರಾಸರಿ ಅಲ್ಲಾಡಲ್ಲ ಅಂತ ಜೊತೆಯವರು ಸಮಾಧಾನ ಹೇಳಿದರು. ನಿಜ, ಅಲ್ಲಾಡಲಿಲ್ಲ. ಆದರೆ ಮಾದರಿಯಲ್ಲಿ ಒಂದು ಮನೆ ಅಂದರೆ, ನಾವು ಹೋಗದ ಎಷ್ಟೋ ಮನೆಗಳ ಪರವಾಗಿ ನಿಂತ ಮನೆ ಅಲ್ವಾ? ಡೇಟಾದಲ್ಲಿ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆ ನನಗೆ ಇವತ್ತಿಗೂ ಬಾಯಿಪಾಠ.

ಕೇಳುವ ರೀತಿಯಿಂದಲೇ ಲೆಕ್ಕ ಬದಲಾಗುತ್ತದೆ, ಗೊತ್ತಿರಲಿ. 1990ರ ದಶಕದಲ್ಲಿ ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಕೆಲವು ಮನೆಗಳಲ್ಲಿ ಹಳೆಯ ಫಾರ್ಮಿನಂತೆ 30 ದಿನದ ಊಟದ ಖರ್ಚು ಕೇಳಿದರು. ಉಳಿದ ಮನೆಗಳಲ್ಲಿ ಹೊಸ ಫಾರ್ಮ್, ಊಟಕ್ಕೆ 7 ದಿನದ ಲೆಕ್ಕ. ಹೊಸದರಲ್ಲಿ ಖರ್ಚು ಜಾಸ್ತಿ ಕಾಣಿಸಿ, ಬಡವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಯಾರ ಬದುಕೂ ಬದಲಾಗಿರಲಿಲ್ಲ. 1999-2000ದಲ್ಲಿ ಒಂದೇ ಮನೆಯವರಿಗೆ ಎರಡೂ ಅವಧಿಯ ಪ್ರಶ್ನೆ ಕೇಳಿದರು. ಆ ವರ್ಷದ ಲೆಕ್ಕವನ್ನು ಹಿಂದಿನದಕ್ಕೆ ಹೋಲಿಸುವುದೇ ಕಷ್ಟವಾಯಿತು. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಕೂಡ ಆ ಗಂಟು ಬಿಡಿಸಲು ಕೂರಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಅವಸರ ಬೇಡ. ಸೊನ್ನೆ ಬೇರೆ, ಖಾಲಿ ಬಿಟ್ಟ ಜಾಗ ಬೇರೆ. ತಾವೇ ಬೆಳೆದು ಉಂಡದ್ದಕ್ಕೂ ಬೆಲೆ ಕಟ್ಟು. ಯಜಮಾನರು ಉತ್ತರ ಕೊಟ್ಟರೆ, ಅಡುಗೆ ಮಾಡಿದವರನ್ನೂ ಕೇಳು. ತರಬೇತಿಯಲ್ಲಿ ಇದೆಲ್ಲ ಹೇಳಿರುತ್ತಾರೆ. ಆದರೂ ನನಗೆ ಹೇಳದೆ ಇರಲು ಆಗುತ್ತಿಲ್ಲ.

ನೀನು ಕೆಲಸ ಬಿಟ್ಟುಬಿಡುತ್ತೀಯ ಅಂತ ನನಗೆ ಭಯ ಇಲ್ಲ. ಬೈಗುಳಕ್ಕೆ ಹೆದರಿ ಬೇಗ ಬೇಗ ಬರೆಯುವುದನ್ನು ಕಲಿತುಬಿಟ್ಟರೆ ಅನ್ನುವುದೇ ಭಯ. ಅದನ್ನು ಕಲಿಯಲು ಜಾಸ್ತಿ ದಿನ ಬೇಡ. ನೀನು ಎರಡು ಗಂಟೆ ಕೂತೆಯಲ್ಲ, ಅದನ್ನು ನೆನೆದರೆ ನನ್ನ ಕಣ್ಣು ತುಂಬುತ್ತದೆ.

ಆ ಮನೆಗೆ ಅಷ್ಟು ಹೊತ್ತು ಯಾಕೆ ಬೇಕಾಯಿತು ಅಂತ ಷರಾದಲ್ಲಿ ಬರೆದಿದ್ದೀಯಾ? ಇಲ್ಲದಿದ್ದರೆ ಕಳಿಸುವ ಮುಂಚೆ ಬರೆ. ಆಚೆ ಕಡೆ ನನ್ನಂಥವಳು ಕೂತಿರುತ್ತಾಳೆ.

ಅಮ್ಮ