ಸಮ್ಮರಿ ರೂಟ್ ಬರೆದ ಮೇಲೆ ನಲ್ ರೂಟ್ ಮರೆಯಬಾರದು

ಸಂಪಾದಕರಿಗೆ,

ಮಾನ್ಯರೇ,

ನೆಟ್‌ವರ್ಕಿಂಗ್ ಕಲಿಸುವ ತರಗತಿಗಳಲ್ಲಿ ರೂಟ್ ಸಮ್ಮರೈಸೇಷನ್‌ಗೆ, ಅಂದರೆ ಅಕ್ಕಪಕ್ಕದ ಹಲವು ಸಬ್‌ನೆಟ್‌ಗಳನ್ನು (ಸಣ್ಣ ವಿಳಾಸ ಗುಂಪುಗಳನ್ನು) ಒಂದೇ ದೊಡ್ಡ ವಿಳಾಸವಾಗಿ, ಅಂದರೆ ಸಮ್ಮರಿಯಾಗಿ, ನೆರೆಯ ರೂಟರ್‌ಗೆ ಸಾರುವ ಕ್ರಮಕ್ಕೆ, ಸಾಕಷ್ಟು ಸಮಯ ಸಿಗುತ್ತದೆ. ಆದರೆ ಆ ಸಮಯವೆಲ್ಲ ಬೈನರಿ ಲೆಕ್ಕಕ್ಕೇ ಖರ್ಚಾಗುತ್ತದೆ. ಸಮ್ಮರಿಯ ವ್ಯಾಪ್ತಿಗೆ ಸೇರಿದರೂ ವಾಸ್ತವದಲ್ಲಿ ಎಲ್ಲೂ ಇಲ್ಲದ ವಿಳಾಸಗಳಿಗೆ ಹೊರಟ ಪ್ಯಾಕೆಟ್‌ಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಬರುವ ಮೊದಲೇ ಪಾಠ ಮುಗಿದಿರುತ್ತದೆ. ಹಾಗೆ ಕಲಿತು ಬಂದವರು ಕಟ್ಟುವ ನೆಟ್‌ವರ್ಕ್‌ಗಳಲ್ಲಿ ರೂಟಿಂಗ್ ಲೂಪ್‌ಗಳು (ಪ್ಯಾಕೆಟ್‌ಗಳು ಗುರಿ ಮುಟ್ಟದೆ ರೂಟರ್‌ಗಳ ನಡುವೆಯೇ ಸುತ್ತುವ ಸ್ಥಿತಿ) ಹುಟ್ಟುವುದನ್ನು ಈ ಕೆಲಸದಲ್ಲಿರುವ ನಾವು ಮತ್ತೆ ಮತ್ತೆ ನೋಡುತ್ತಿದ್ದೇವೆ.

ಸಮ್ಮರೈಸೇಷನ್ ಬೇಕೇ ಬೇಕು ಎಂಬುದರಲ್ಲಿ ತಕರಾರಿಲ್ಲ. ವಿಳಾಸಗಳನ್ನು ಎ, ಬಿ, ಸಿ ಎಂಬ ಸ್ಥಿರ ವರ್ಗಗಳಲ್ಲಿ ಹಂಚುವುದನ್ನು ಬಿಟ್ಟು 1993ರಲ್ಲಿ, ಬೇಕಾದ ಗಾತ್ರದಲ್ಲಿ ಹಂಚುವ ಸಿಐಡಿಆರ್ ಪದ್ಧತಿಯನ್ನು ತಂದದ್ದಕ್ಕೆ ರೂಟಿಂಗ್ ಟೇಬಲ್‌ಗಳು (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ರೂಟರ್‌ನ ಪಟ್ಟಿಗಳು) ಮಿತಿಮೀರಿ ಬೆಳೆಯುತ್ತಿದ್ದುದೂ ಒಂದು ಮುಖ್ಯ ಕಾರಣ. 2014ರ ಆಗಸ್ಟ್ 12ರಂದು ಇಂಟರ್‌ನೆಟ್‌ನ ಐಪಿವಿ4 ಟೇಬಲ್ 5.12 ಲಕ್ಷ ರೂಟ್‌ಗಳ ಗಡಿ ದಾಟಿದಾಗ, ಅಷ್ಟಕ್ಕೆ ಮಾತ್ರ ಜಾಗ ಮೀಸಲಿಟ್ಟಿದ್ದ ಹಳೆಯ ರೂಟರ್‌ಗಳು ತತ್ತರಿಸಿ ಹಲವೆಡೆ ಸಂಪರ್ಕ ಕೆಟ್ಟಿತ್ತು. ಸಣ್ಣ ನೆಟ್‌ವರ್ಕಿನಲ್ಲೂ ಲಾಭವಿದೆ: ಯಾವುದೋ ಮೂಲೆಯ ಒಂದು ಸಬ್‌ನೆಟ್ ಬಿದ್ದು ಎದ್ದು ಮಾಡುತ್ತಿದ್ದರೆ ಆ ಗದ್ದಲ ಸಮ್ಮರಿಯ ಹಿಂದೆಯೇ ಉಳಿಯುತ್ತದೆ, ಉಳಿದ ರೂಟರ್‌ಗಳು ತಮ್ಮ ಟೇಬಲ್ ಮುಟ್ಟಬೇಕಾಗಿಲ್ಲ. ತೊಂದರೆ ಹುಟ್ಟುವುದೂ ಇದೇ ಮರೆಯಲ್ಲಿ.

ಒಂದು ಶಾಖೆಯ ರೂಟರ್, ಒಂದು ಕೇಂದ್ರದ ರೂಟರ್, ನಡುವೆ ಒಂದೇ ಲಿಂಕ್ ಇದೆಯೆಂದಿಟ್ಟುಕೊಳ್ಳಿ. ಶಾಖೆಗೆ ಕೊಟ್ಟಿರುವ ವ್ಯಾಪ್ತಿ 10.20.0.0/16 (ಓರೆಗೆರೆಯ ನಂತರದ ಸಂಖ್ಯೆ ವಿಳಾಸದ ಮೊದಲ ಎಷ್ಟು ಬಿಟ್‌ಗಳು ಸ್ಥಿರ ಎಂದು ಹೇಳುತ್ತದೆ; ಅದು ಚಿಕ್ಕದಾದಷ್ಟೂ ವ್ಯಾಪ್ತಿ ದೊಡ್ಡದು), ಅದರಲ್ಲಿ ಬಳಕೆಯಲ್ಲಿರುವುದು 10.20.0.0/24ರಿಂದ 10.20.39.0/24ರವರೆಗಿನ 40 ಸಬ್‌ನೆಟ್‌ಗಳು ಮಾತ್ರ. ಕೇಂದ್ರದ ರೂಟರ್‌ನಲ್ಲಿ ಇಡೀ /16 ಶಾಖೆಯ ಕಡೆಗೆ ಎಂದು ಒಂದೇ ಸಾಲು ಬರೆದಿದೆ. ಶಾಖೆಯ ರೂಟರ್‌ನಲ್ಲಿ ಆ 40 ಸಬ್‌ನೆಟ್‌ಗಳ ಜೊತೆಗೆ, ಗೊತ್ತಿಲ್ಲದ್ದೆಲ್ಲ ಕೇಂದ್ರಕ್ಕೆ ಎನ್ನುವ ಡೀಫಾಲ್ಟ್ ರೂಟ್ ಇದೆ. ಈಗ 10.20.77.5ಕ್ಕೆ ಒಂದು ಪ್ಯಾಕೆಟ್ ಬಂದರೆ, /16 ನೋಡಿದ ಕೇಂದ್ರ ಅದನ್ನು ಶಾಖೆಗೆ ಕಳಿಸುತ್ತದೆ. ಶಾಖೆಯಲ್ಲಿ 77 ಇಲ್ಲವಾದ್ದರಿಂದ ಡೀಫಾಲ್ಟ್ ರೂಟ್ ಹಿಡಿದು ಅದು ಕೇಂದ್ರಕ್ಕೇ ಮರಳುತ್ತದೆ. ಕೇಂದ್ರ ಮತ್ತೆ ಶಾಖೆಗೆ ತಳ್ಳುತ್ತದೆ. ಪ್ಯಾಕೆಟ್ ಹಾದುಹೋಗುವ ರೂಟರ್‌ಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಪರದೆಯ ಮೇಲೆ ಅವೇ ಎರಡು ವಿಳಾಸಗಳು ಒಂದು ಬಿಟ್ಟು ಒಂದು ಸಾಲಿನಲ್ಲಿ, 30ನೆಯ ಹಾಪ್‌ವರೆಗೂ ಕಾಣಿಸಿಕೊಳ್ಳುತ್ತವೆ. ಬಳಕೆಯಲ್ಲಿಲ್ಲದ ವಿಳಾಸಕ್ಕೆ ಯಾರು ಕಳಿಸುತ್ತಾರೆ ಎಂದು ಕೇಳಬಹುದು. ವಿಳಾಸಗಳನ್ನು ಒಂದೊಂದಾಗಿ ತಡಕುವ ಸ್ಕ್ಯಾನಿಂಗ್ ಪ್ರೋಗ್ರಾಂಗಳು ಕಳಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಬಳಕೆಯಲ್ಲಿರುವ 10.20.7.0/24ರ ಇಂಟರ್‌ಫೇಸ್ ಡೌನ್ ಆದ ಕ್ಷಣವೇ ಆ ಸಾಲು ಶಾಖೆಯ ಟೇಬಲ್‌ನಿಂದ ಅಳಿಸಿಹೋಗುತ್ತದೆ. ಅಲ್ಲಿದ್ದ ಸರ್ವರ್‌ಗೆ ಹೋಗುತ್ತಿದ್ದ ದಟ್ಟಣೆಯೆಲ್ಲ ಅದೇ ಸುತ್ತಾಟಕ್ಕೆ ಬೀಳುತ್ತದೆ. ಕೆಟ್ಟದ್ದು ಒಂದು ಸಬ್‌ನೆಟ್, ಉಸಿರುಗಟ್ಟುವುದು ಇಡೀ ಶಾಖೆಯ ಲಿಂಕ್.

ಇಲ್ಲಿ ಯಾವ ರೂಟರ್‌ನ ಟೇಬಲ್ಲೂ ತಪ್ಪಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಲೂಪ್ ತಡೆಯುವ ಉಪಾಯಗಳೆಂದು ಪಠ್ಯಗಳು ಹೇಳುವ ಸ್ಪ್ಲಿಟ್ ಹೊರೈಜನ್, ಪಾಯ್ಸನ್ ರಿವರ್ಸ್, ಆರ್‌ಐಪಿ ಎಂಬ ರೂಟಿಂಗ್ ಪ್ರೋಟೋಕಾಲ್‌ನಲ್ಲಿ 16ನ್ನು ಅನಂತವೆಂದು ಎಣಿಸುವ ನಿಯಮ ಇವೆಲ್ಲವೂ ರೂಟರ್‌ಗಳು ಪರಸ್ಪರ ಹಳಸಿದ ಮಾಹಿತಿ ಹಂಚಿಕೊಂಡು ದಾರಿ ತಪ್ಪುವುದನ್ನು ತಡೆಯಲು ಇರುವಂಥವು. ತಾನು ಕಲಿತ ರೂಟ್‌ನ ಎಎಸ್ ಪಾತ್‌ನಲ್ಲಿ (ಆ ಸುದ್ದಿ ಹಾದುಬಂದ ನೆಟ್‌ವರ್ಕ್‌ಗಳ ಸಂಖ್ಯೆಗಳ ಪಟ್ಟಿಯಲ್ಲಿ) ತನ್ನದೇ ಸಂಖ್ಯೆ ಕಂಡರೆ ತಿರಸ್ಕರಿಸುವ, ದೊಡ್ಡ ನೆಟ್‌ವರ್ಕ್‌ಗಳ ನಡುವಿನ ಪ್ರೋಟೋಕಾಲ್ ಆದ ಬಿಜಿಪಿಯ ಎಚ್ಚರವೂ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಇಲ್ಲಿ ಸುತ್ತುತ್ತಿರುವುದು ರೂಟ್‌ನ ಸುದ್ದಿಯಲ್ಲ, ಪ್ಯಾಕೆಟ್. ಇನ್ನು ಟಿಟಿಎಲ್ (ಪ್ರತಿ ರೂಟರ್ ದಾಟಿದಾಗ ಒಂದು ಕಡಿಮೆಯಾಗಿ, ಸೊನ್ನೆಯಾದಾಗ ಪ್ಯಾಕೆಟನ್ನು ಎಸೆಯಿಸುವ ಎಣಿಕೆ) ಇದೆಯಲ್ಲ ಎನ್ನುವವರಿಗೆ ಒಂದು ಸರಳ ಲೆಕ್ಕ: 64ರಿಂದ ಹೊರಟ ಪ್ಯಾಕೆಟ್ ಈ ಲಿಂಕ್ ತಲುಪುವಾಗ ಅದರಲ್ಲಿ 60 ಉಳಿದಿದ್ದರೆ, ಅದು ಸಾಯುವ ಮೊದಲು ಹೆಚ್ಚುಕಡಿಮೆ 60 ಸಲ ಆ ಲಿಂಕನ್ನು ದಾಟುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ದಟ್ಟಣೆ ಎರಡೂ ದಿಕ್ಕು ಸೇರಿ ಸುಮಾರು 60 ಮೆಗಾಬಿಟ್ ಆಗುತ್ತದೆ. ಆರಂಭದ ಟಿಟಿಎಲ್ 128 ಇರುವ ವಿಂಡೋಸ್ ಯಂತ್ರಗಳಿಂದ ಬಂದರೆ ಅದರ ಎರಡರಷ್ಟು. ಟಿಟಿಎಲ್ ಲೂಪನ್ನು ತಡೆಯುವುದಿಲ್ಲ, ಪ್ಯಾಕೆಟ್‌ನ ಆಯುಸ್ಸಿಗೆ ಮಿತಿ ಹಾಕುತ್ತದೆ ಅಷ್ಟೆ.

ಪರಿಹಾರ ಹೊಸದೇನಲ್ಲ. ಸಿಐಡಿಆರ್ ಕುರಿತ, 2006ರ ಆರ್‌ಎಫ್‌ಸಿ 4632 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್‌ನ ನಿಯಮಗಳನ್ನು ದಾಖಲಿಸುವ ದಸ್ತಾವೇಜು) ಇದನ್ನು ನೇರವಾಗಿ ಹೇಳಿದೆ: ಸಮ್ಮರಿಯನ್ನು ಸಾರುವ ರೂಟರ್, ಆ ಸಮ್ಮರಿಗೆ ಹೊಂದಿದರೂ ಒಳಗಿನ ಯಾವ ನಿರ್ದಿಷ್ಟ ರೂಟ್‌ಗೂ ಹೊಂದದ ಪ್ಯಾಕೆಟ್‌ಗಳನ್ನು ಎಸೆಯಲೇಬೇಕು. ನಮ್ಮ ಉದಾಹರಣೆಯ ಶಾಖೆಯಲ್ಲಿ ಬೇಕಿರುವುದು 10.20.0.0/16ನ್ನು ನಲ್ ಇಂಟರ್‌ಫೇಸ್‌ಗೆ, ಅಂದರೆ ಬಂದದ್ದನ್ನೆಲ್ಲ ಎಸೆದುಬಿಡುವ ಕಾಲ್ಪನಿಕ ಇಂಟರ್‌ಫೇಸ್‌ಗೆ, ಕಳಿಸುವ ಒಂದೇ ಒಂದು ಸಾಲು. ಅದೇ ನಲ್ ರೂಟ್. ಅತಿ ಉದ್ದದ ಪ್ರಿಫಿಕ್ಸ್‌ಗೇ, ಅಂದರೆ ಅತ್ಯಂತ ನಿರ್ದಿಷ್ಟ ರೂಟ್‌ಗೇ, ಆದ್ಯತೆ ಎಂಬ ನಿಯಮದಿಂದಾಗಿ ಜೀವಂತವಾಗಿರುವ /24ಗಳಿಗೆ ಇದರಿಂದ ಯಾವ ಧಕ್ಕೆಯೂ ಇಲ್ಲ. ಉಳಿದದ್ದು ಮಾತ್ರ ಡೀಫಾಲ್ಟ್ ರೂಟ್ ತಲುಪುವ ಮೊದಲೇ ಅಲ್ಲೇ ಬಿದ್ದುಹೋಗುತ್ತದೆ.

ಸಿಸ್ಕೋ ರೂಟರ್‌ಗಳಲ್ಲಿ ಇಐಜಿಆರ್‌ಪಿ, ಓಎಸ್‌ಪಿಎಫ್, ಬಿಜಿಪಿ ಎಂಬ ರೂಟಿಂಗ್ ಪ್ರೋಟೋಕಾಲ್‌ಗಳ ಮೂಲಕ ಸಮ್ಮರಿ ಮಾಡಿದಾಗ ಈ ಸಾಲು ತಾನಾಗಿಯೇ ಬಂದು ಕೂರುತ್ತದೆ. ಹಾಗಾದರೆ ಇಷ್ಟೆಲ್ಲ ಹೇಳುವುದೇಕೆ? ಕೈಯಾರೆ ಬರೆದ ಸ್ಟ್ಯಾಟಿಕ್ ರೂಟ್‌ಗಳಿಂದ ನಡೆಯುವ ನೆಟ್‌ವರ್ಕ್‌ಗಳು ಇಂದಿಗೂ ಹೇರಳವಾಗಿವೆ, ಅಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ಸಮ್ಮರಿಯನ್ನು ಬರೆಯುವುದು ಕೇಂದ್ರದ ರೂಟರ್‌ನಲ್ಲಿ, ನಲ್ ರೂಟ್ ಬೇಕಿರುವುದು ಶಾಖೆಯ ರೂಟರ್‌ನಲ್ಲಿ. ಅನೇಕ ಸಂಸ್ಥೆಗಳಲ್ಲಿ ಈ ಎರಡನ್ನೂ ನೋಡಿಕೊಳ್ಳುವವರು ಬೇರೆ ಬೇರೆ. ಒಬ್ಬರು ತಮ್ಮ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡರೆ, ಇನ್ನೊಬ್ಬರಿಗೆ ತಾವು ಮಾಡಬೇಕಾದ ಕೆಲಸವೊಂದಿದೆ ಎಂಬುದೇ ತಿಳಿದಿರುವುದಿಲ್ಲ.

ಅಗತ್ಯಕ್ಕಿಂತ ಅಗಲವಾದ ಸಮ್ಮರಿ ಇನ್ನೊಂದು ರೋಗ. 172.16.12.0ರಿಂದ 172.16.15.0ರವರೆಗಿನ ನಾಲ್ಕು /24ಗಳು 172.16.12.0/22ರಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಆದರೆ ಅದೇ ನಾಲ್ಕು 13ರಿಂದ 16ರವರೆಗೆ ಇದ್ದರೆ ಅವನ್ನು ಒಂದೇ ಸಾಲಿನಲ್ಲಿ ಹೇಳಲು 172.16.0.0/19 ಬೇಕಾಗುತ್ತದೆ. ಅದರಲ್ಲಿ 32 ಸಬ್‌ನೆಟ್‌ಗಳಿರುವುದರಿಂದ ನಮ್ಮದಲ್ಲದ 28ನ್ನೂ ನಮ್ಮದೆಂದು ಸಾರಿದಂತಾಗುತ್ತದೆ. ಇಂಥಲ್ಲಿ 13ಕ್ಕೊಂದು /24, 14 ಮತ್ತು 15ಕ್ಕೆ ಸೇರಿ ಒಂದು /23, 16ಕ್ಕೊಂದು /24 ಎಂದು ಮೂರು ಸಾಲು ಬರೆಯುವುದೇ ಸರಿ. ಟೇಬಲ್‌ನಲ್ಲಿ ಎರಡು ಸಾಲು ಉಳಿಸುವ ಚಪಲಕ್ಕೆ ತೆರುವ ಬೆಲೆ ದೊಡ್ಡದು.

ನಲ್ ರೂಟ್ ಕಣ್ಣುಮುಚ್ಚಿ ಬಳಸುವ ಮದ್ದೂ ಅಲ್ಲ ಎನ್ನುವುದನ್ನೂ ಹೇಳಬೇಕು. ಇಐಜಿಆರ್‌ಪಿಯಲ್ಲಿ 0.0.0.0/0ನ್ನೇ ಸಮ್ಮರಿಯಾಗಿ ಸಾರಿದರೆ, ತಾನಾಗಿ ಬರುವ ನಲ್ ಸಾಲಿನ ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್ (ಕಡಿಮೆಯಾದಷ್ಟೂ ರೂಟ್‌ಗೆ ಹೆಚ್ಚು ಆದ್ಯತೆ ಕೊಡುವ ಅಂಕಿ) 5 ಆಗಿರುವುದರಿಂದ, ಬೇರೆ ಪ್ರೋಟೋಕಾಲ್ ಕಲಿಸಿದ ನಿಜವಾದ ಡೀಫಾಲ್ಟ್ ರೂಟನ್ನು ಅದು ಪಕ್ಕಕ್ಕೆ ತಳ್ಳಿ ಹೊರಹೋಗುವ ದಟ್ಟಣೆಯನ್ನೆಲ್ಲ ನುಂಗಿಬಿಡಬಹುದು.

ಐಪಿವಿ6 ಬಂದ ಮೇಲೆ ಈ ವಿಷಯ ಮನೆಯ ರೂಟರ್‌ವರೆಗೂ ಇಳಿದಿದೆ. ಸೇವಾದಾರರು ಒಂದು ಮನೆಗೆ /56 ಕೊಟ್ಟರೆ ಅದರಲ್ಲಿ 256 ಸಬ್‌ನೆಟ್‌ಗಳಿರುತ್ತವೆ. ಹೆಚ್ಚಿನ ಮನೆಗಳು ಬಳಸುವುದು ಒಂದನ್ನೋ ಎರಡನ್ನೋ. ಉಳಿದವಕ್ಕೆ ಬರುವ ಪ್ಯಾಕೆಟ್‌ಗಳನ್ನು ಮನೆಯ ರೂಟರ್ ಎಸೆಯಬೇಕೆಂದು 2013ರ ಆರ್‌ಎಫ್‌ಸಿ 7084 ವಿಧಿಸಿದೆ. ಸಾಧನ ಕೊಳ್ಳುವ ಸಂಸ್ಥೆಗಳು ಈ ಒಂದು ಅಂಶವನ್ನು ಪರೀಕ್ಷಿಸಿ ನೋಡಿಯೇ ಒಪ್ಪಿಕೊಳ್ಳಲಿ.

ಪಠ್ಯ ರಚಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಸಮ್ಮರಿ ಲೆಕ್ಕದ ಪ್ರತಿಯೊಂದು ಪ್ರಶ್ನೆಯ ಕೆಳಗೆ, ಈ ಸಮ್ಮರಿಗೆ ನಲ್ ರೂಟ್ ಯಾವ ರೂಟರ್‌ನಲ್ಲಿರಬೇಕು ಎಂಬ ಉಪಪ್ರಶ್ನೆಯೊಂದನ್ನು ಸೇರಿಸಿ, ಅದಕ್ಕೂ ಅಂಕ ಇಡಿ. ಪ್ರಯೋಗಾಲಯದಲ್ಲಿ ಎರಡು ರೂಟರ್ ಇದ್ದರೆ ಸಾಕು, ಆ ಸಾಲನ್ನು ತೆಗೆದಾಗ ಒಮ್ಮೆ, ಹಾಕಿದ ಮೇಲೆ ಒಮ್ಮೆ ವಿದ್ಯಾರ್ಥಿಗಳಿಂದಲೇ ಟ್ರೇಸ್‌ರೂಟ್ ಮಾಡಿಸಬಹುದು.

ಇಂತಿ,
ಒಬ್ಬ ನೆಟ್‌ವರ್ಕ್ ಎಂಜಿನಿಯರ್