ಹಗ್ಗ ಕಟ್ಟುವುದನ್ನು ಕಲಿಸಿ: ಕಾಸರಗೋಡು ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರಗಳು.

ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವವನು. ಜಿಲ್ಲೆಯ ರಸ್ತೆ ಸುರಕ್ಷಾ ಸಮಿತಿಗೆ ತಾವೇ ಅಧ್ಯಕ್ಷರು. ಹಾಗಾಗಿ ಈ ಪತ್ರ ತಮಗೆ. ಪಿಕಪ್ಪಿನ ಬಾಡಿಯಲ್ಲಿ ಸಾಮಾನು ಹೇರುವುದು, ಕಟ್ಟುವುದು, ಇಷ್ಟೇ ವಿಷಯ. ಇದಕ್ಕೊಂದು ಪತ್ರ ಬೇಕಾ ಅಂತ ಅನ್ನಿಸಬಹುದು. ನನಗೂ ಕಳೆದ ಡಿಸೆಂಬರಿನವರೆಗೆ ಹಾಗೇ ಅನ್ನಿಸುತ್ತಿತ್ತು.

ಆ ಡಿಸೆಂಬರಿನಲ್ಲಿ ಒಂದು ದಿನ ತೋಟದ ಸ್ಪ್ರಿಂಕ್ಲರಿಗೆ ಪಿವಿಸಿ ಪೈಪು ತರಲು ಪೇಟೆಗೆ ಹೋಗಿದ್ದೆ. ಒಂದೊಂದು ಪೈಪು 20 ಅಡಿ. ಪಿಕಪ್ಪಿನ ಬಾಡಿ ಹೆಚ್ಚೆಂದರೆ 9 ಅಡಿ. ಎಲ್ಲರೂ ಮಾಡುವ ಹಾಗೆಯೇ ಮಾಡಿದೆವು. ಪೈಪಿನ ಮುಂದಿನ ಭಾಗವನ್ನು ಕ್ಯಾಬಿನ್ ಮೇಲಿನ ಕಂಬಿಗೆ ಆನಿಸಿ ಮುಂದಕ್ಕೆ ಚಾಚಿದರು. ಹಿಂದಿನ ಡೋರು ಬಿಚ್ಚಿಟ್ಟು, ಇನ್ನೊಂದು ತುದಿಯನ್ನು ನಾಲ್ಕೈದು ಅಡಿ ಹೊರಗೆ ಬಿಟ್ಟರು. ಮೇಲಿಂದ ಒಂದು ನೈಲಾನ್ ಹಗ್ಗ ಹಾಯಿಸಿ ಎರಡು ಬದಿಯ ಕೊಂಡಿಗೆ ಬಿಗಿದರು. ತುದಿಗೊಂದು ಕೆಂಪು ಬಟ್ಟೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಡ್ರೈವರಿನ ಪಕ್ಕ ಕುಳಿತೆ.

ಚೆರ್ಕಳದಿಂದ ಎಡನೀರು ದಾಟಿ ಬರುವಾಗ ಒಂದು ಏರು, ಅದರ ನಡುವೆ ಒಂದು ಹಂಪು. ಗಾಡಿ ಒಮ್ಮೆ ಎತ್ತಿ ಹಾಕಿತು. ಹಿಂದೆ ಸರಸರ ಎಂದು ಸದ್ದಾಯಿತು. ಮತ್ತೆ ಯಾರೋ ಕೂಗಿದರು.

ಇಳಿದು ನೋಡಿದರೆ ಏಳು ಪೈಪು ರಸ್ತೆಯಲ್ಲಿ. ಚರಂಡಿಯ ಬದಿಯಲ್ಲಿ ಒಂದು ಸ್ಕೂಟರು ಅಡ್ಡ ಬಿದ್ದಿತ್ತು. ಮಗಳನ್ನು ಶಾಲೆಯಿಂದ ಕರೆದುಕೊಂಡು ಹೋಗುತ್ತಿದ್ದ ಅಪ್ಪ. ಪೈಪಿನ ತುದಿ ಸ್ಕೂಟರಿನ ಬಲಗನ್ನಡಿಗೆ ಬಡಿದು ಅದನ್ನು ಪುಡಿ ಮಾಡಿತ್ತು. ಅವರ ಮುಖಕ್ಕೂ ಆ ಕನ್ನಡಿಗೂ ಎಷ್ಟು ದೂರ ಇದ್ದೀತು, ಸ್ಕೂಟರ್ ಓಡಿಸುವವರಿಗೆ ಗೊತ್ತು. ಹುಡುಗಿಯ ಮೊಣಕೈ ತರಚಿತ್ತು. ಅವಳು ಅಳಲಿಲ್ಲ. ಯೂನಿಫಾರ್ಮಿನ ಮಣ್ಣನ್ನೂ ಕೊಡವಿಕೊಳ್ಳದೆ, ರಸ್ತೆಯಲ್ಲಿ ಬಿದ್ದಿದ್ದ ಪೈಪನ್ನೇ ನೋಡುತ್ತಾ ನಿಂತಿದ್ದಳು. ಕೆಂಪು ಬಟ್ಟೆ ಆ ಪೈಪಿನ ತುದಿಯಲ್ಲೇ ಇತ್ತು.

ಆ ಪೈಪು ನನ್ನದು. ದುಡ್ಡು ಕೊಟ್ಟವನು ನಾನು, ಹೊರಡಿ ಎಂದವನೂ ನಾನು. ಆ ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಅದನ್ನು ನೆನೆದರೆ ಈಗಲೂ ನಿದ್ದೆ ಹಾರಿ ಹೋಗುತ್ತದೆ.

ಬಿದ್ದದ್ದು ಯಾಕೆ ಅಂತ ಆಮೇಲೆ ಡ್ರೈವರೂ ನಾನೂ ಕೂತು ನೋಡಿದೆವು. ಹಗ್ಗ ತುಂಡಾಗಿರಲಿಲ್ಲ, ಗಂಟೂ ಬಿಚ್ಚಿರಲಿಲ್ಲ. ಮೇಲಿಂದ ಒಂದೇ ಸುತ್ತು ಹಾಯಿಸಿದ ಹಗ್ಗ ಮೇಲಿನ ಮತ್ತು ಬದಿಯ ಪೈಪುಗಳನ್ನು ಮಾತ್ರ ಒತ್ತಿ ಹಿಡಿದಿತ್ತು. ನಡುವಿನ ಪೈಪುಗಳಿಗೆ ಹಿಡಿತವೇ ಇರಲಿಲ್ಲ. ಪಿವಿಸಿ ನುಣುಪು. ಮೊದಲೇ ಹಿಂದಕ್ಕೆ ಇಳಿಜಾರಾಗಿ ಇಟ್ಟಿದ್ದು, ರಸ್ತೆಯ ಏರು ಬೇರೆ. ಒಂದು ಕುಲುಕಿಗೆ ಬಾಣದ ಹಾಗೆ ಹೊರಗೆ ಬಂದಿವೆ. ಗಾಡಿಗೆ ಕಟ್ಟುವ ಮೊದಲು ಪೈಪುಗಳನ್ನೇ ಒಟ್ಟಿಗೆ ಮೂರು ಕಡೆ ಸುತ್ತು ಹಾಕಿ ಬಿಗಿದಿದ್ದರೆ, ಆ ಪೈಪಿನ ಕಟ್ಟಿನ ಸುತ್ತ ಇನ್ನೊಂದು ಹಗ್ಗ ಸುತ್ತಿ ಮುಂದಿನ ಕಂಬಿಗೆ ಎಳೆದು ಕಟ್ಟಿದ್ದರೆ, ಒಂದು ಪೈಪೂ ಬೀಳುತ್ತಿರಲಿಲ್ಲ. ಹತ್ತು ನಿಮಿಷ ಜಾಸ್ತಿ ಬೇಕಿತ್ತು, ಅಷ್ಟೇ. ಅಥವಾ ಅಂಗಡಿಯಲ್ಲೇ ಪೈಪುಗಳನ್ನು ತುಂಡು ಮಾಡಿಸಿ ತರಬಹುದಿತ್ತು. ತೋಟದಲ್ಲಿ ಹೇಗೂ ಕತ್ತರಿಸಿ ಜೋಡಿಸುವುದೇ.

ಡ್ರೈವರು ಒಳ್ಳೆಯ ಮನುಷ್ಯ, ಹದಿನೈದು ವರ್ಷದಿಂದ ಗಾಡಿ ಓಡಿಸುತ್ತಿರುವವರು. "ಅಣ್ಣಾ, ನಮಗೆ ಇದನ್ನು ಯಾರೂ ಹೇಳಿಕೊಟ್ಟದ್ದಿಲ್ಲ. ಎಲ್ಲರೂ ಹೀಗೇ ಕಟ್ಟುವುದಲ್ವಾ" ಎಂದರು. ಹೌದು ಅನ್ನಿಸಿತು. ಲೈಸೆನ್ಸಿಗೆ ಹೋದರೆ ಎಚ್ ಅಕ್ಷರದ ಆಕಾರದಲ್ಲಿ ಗಾಡಿ ಓಡಿಸಲು ಹೇಳುತ್ತಾರೆ, ರಸ್ತೆಯಲ್ಲಿ ಓಡಿಸಿ ನೋಡುತ್ತಾರೆ. ಒಂದು ಗಂಟು ಹಾಕಿ ತೋರಿಸು ಎನ್ನುವುದಿಲ್ಲ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಡ ಹುಡುಗರಿಗೆ ಅದರಿಂದ ಅನುಕೂಲವಾಯಿತು, ನನಗೆ ಸಂತೋಷವೇ. ಆದರೆ ಕಾರು ಓಡಿಸಿ ಗೊತ್ತಿದ್ದ ಕೂಡಲೇ ಲೋಡು ಕಟ್ಟಲು ಗೊತ್ತಿದೆ ಅಂತ ಆಗುವುದಿಲ್ಲವಲ್ಲ.

ದಂಡ ಇದೆ, ನನಗೆ ಗೊತ್ತುಂಟು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಜಾಸ್ತಿ ಭಾರ ಹೇರಿದರೆ 20,000 ರೂಪಾಯಿ, ಮೇಲಿನ ಒಂದೊಂದು ಟನ್ನಿಗೆ 2,000. ಗಾಡಿಯಿಂದ ಹೊರಗೆ ಚಾಚುವ ಹಾಗೆ ಹೇರಿದರೂ 20,000. ದಂಡ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಹೆದರಿಕೆಗೆ ಜನ ಚೆಕಿಂಗ್ ಇಲ್ಲದ ಹೊತ್ತು ನೋಡಿ ಹೊರಡುತ್ತಾರೆ. ಹಗ್ಗ ಆಗಲೂ ಒಂದೇ ಸುತ್ತು.

ನಮ್ಮ ಜಿಲ್ಲೆಯಲ್ಲಿ ಪಿಕಪ್ಪು ಏನು ಹೊರುತ್ತದೆ ಎಂದು ತಮಗೆ ತಿಳಿದೇ ಇದೆ: ಅಡಿಕೆ, ತೆಂಗಿನಕಾಯಿ, ಕೆಂಪುಕಲ್ಲು, ಸಿಮೆಂಟು, ರಬ್ಬರ್ ಶೀಟು, ಮದುವೆಯ ಶಾಮಿಯಾನ. ಒಂದೊಂದನ್ನು ಕಟ್ಟುವ ಕ್ರಮ ಒಂದೊಂದು. ಅಡಿಕೆ ಗೋಣಿ ಒಂದಕ್ಕೆ 65 ಕಿಲೋ ಹಿಡಿದರೆ 20 ಗೋಣಿಗೆ 1,300 ಕಿಲೋ. 1.3 ಟನ್ನಿನ ಪಿಕಪ್ಪಿಗೆ ಅಲ್ಲಿಗೆ ಮುಗಿಯಿತು. ಇನ್ನೆರಡು ಹಾಕಿ ಎನ್ನುವುದು ನಾವು ಬೆಳೆಗಾರರೇ. ಗಟ್ಟಿ ಬ್ರೇಕ್ ಹಾಕಿದಾಗ ಸಾಮಾನು ತನ್ನ ತೂಕದ ನೂರಕ್ಕೆ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು ಎಂಬ ಲೆಕ್ಕದಲ್ಲಿ ಅಮೆರಿಕದಲ್ಲಿ ನಿಯಮ ಮಾಡಿದ್ದಾರೆ. ಅಂದರೆ ನಮ್ಮ 20 ಗೋಣಿ ಡ್ರೈವರಿನ ಬೆನ್ನಿಗೆ ಒಂದು ಟನ್ನಿಗಿಂತ ಜಾಸ್ತಿ ತಳ್ಳುತ್ತದೆ. ಗೋಣಿ ಮತ್ತು ಕ್ಯಾಬಿನ್ ನಡುವೆ ಒಂದಡಿ ಜಾಗ ಬಿಟ್ಟಿದ್ದರೆ ಅದು ಓಡಿ ಬಂದು ಗುದ್ದುತ್ತದೆ. ಒತ್ತಿ ಇಟ್ಟಿದ್ದರೆ ತಳ್ಳುತ್ತದೆ, ಗುದ್ದುವುದಿಲ್ಲ. ಹಗ್ಗಕ್ಕೂ ಅಲ್ಲಿ ಲೆಕ್ಕ ಉಂಟು: ಕಟ್ಟಿದ ಎಲ್ಲ ಹಗ್ಗ, ಬೆಲ್ಟುಗಳು ಒಟ್ಟಿಗೆ ಸಾಮಾನಿನ ಅರ್ಧ ತೂಕವನ್ನಾದರೂ ತಾಳಬೇಕು. ನಮ್ಮಲ್ಲಿ ಹಗ್ಗ ಎಷ್ಟು ತಾಳುತ್ತದೆ ಎಂದು ಅಂಗಡಿಯಲ್ಲಿ ಕೇಳಿದರೆ "ಒಳ್ಳೆ ಗಟ್ಟಿ ಉಂಟು" ಎನ್ನುತ್ತಾರೆ.

ಕೆಂಪುಕಲ್ಲಿನ ವಿಷಯ ಇನ್ನೂ ಕಷ್ಟದ್ದು. ಕಲ್ಲೊಂದಕ್ಕೆ 30 ಕಿಲೋ ಎಂದರೂ 50 ಕಲ್ಲಿಗೆ ಒಂದೂವರೆ ಟನ್. ಕೋರೆಯಿಂದ ಬರುವಾಗ ಬಾಡಿಯ ತಗಡಿನ ಮೇಲೆ ಕೆಂಪು ಹುಡಿ ಹರಡಿರುತ್ತದೆ. ಒಣ ಹುಡಿಯಲ್ಲಿ ಕಲ್ಲು ಜಾರುತ್ತದೆ, ಮಳೆಗೆ ಅದೇ ಹುಡಿ ಕೆಸರಾಗಿ ಇನ್ನೂ ಜಾರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಕಟ್ಟುವಾಗ ಬಿಗಿಯಾಗಿದ್ದದ್ದು ನಾಲ್ಕು ಮೈಲಿ ಹೋಗುವಾಗ ಸಡಿಲ. ಭಾರವನ್ನೆಲ್ಲ ಹಿಂದಕ್ಕೆ ಹೇರಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗು ಹಿಡಿತಕ್ಕೆ ಸಿಗುವುದಿಲ್ಲ. ಬಾಡಿ ಗುಡಿಸಿ, ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಸಿ, ಕ್ಯಾಬಿನ್ನಿಗೆ ತಾಗಿಸಿ ಕಲ್ಲು ಇಟ್ಟುಕೊಂಡು ಬಂದು, ಡೋರಿನ ಎತ್ತರಕ್ಕಿಂತ ಮೇಲೆ ಹೇರದಿದ್ದರೆ ಅರ್ಧ ಅಪಾಯ ಕಳೆಯಿತು. ಇದಕ್ಕೆ ದೊಡ್ಡ ಖರ್ಚೂ ಇಲ್ಲ.

ತಲೆಗೆ ದೊಡ್ಡ ಪೆಟ್ಟು ಬಿದ್ದರೆ ನಾವು ಇವತ್ತಿಗೂ ಮಂಗಳೂರಿಗೇ ಓಡುವವರು. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಅದರ ಸಂಕಟ ಏನೆಂದು ಅನುಭವಿಸಿದವರು. ಪೆಟ್ಟಾಗದ ಹಾಗೆ ನೋಡಿಕೊಳ್ಳುವುದು ನಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಇದು. ಲೋಡು ಕಟ್ಟುವುದನ್ನು ಲೋಡು ಆಗುವ ಜಾಗದಲ್ಲೇ ಕಲಿಸಬೇಕು. ಟೌನ್ ಹಾಲಿನಲ್ಲಿ ಬ್ಯಾನರ್ ಕಟ್ಟಿ ಮಾಡುವ ಸುರಕ್ಷಾ ಸಪ್ತಾಹಕ್ಕೆ ಪಿಕಪ್ ಡ್ರೈವರು ಬರುವುದಿಲ್ಲ, ಅವರಿಗೆ ಆ ದಿನದ ಬಾಡಿಗೆ ತಪ್ಪುತ್ತದೆ. ಕೋರೆಗೆ ಹೋಗಿ, ಹಾರ್ಡ್‌ವೇರ್ ಅಂಗಡಿಯ ಅಂಗಳಕ್ಕೆ ಹೋಗಿ, ಅಡಿಕೆ ಮಂಡಿಗೆ ಹೋಗಿ, ಬೆಳಗ್ಗಿನ ಹೊತ್ತು ಎರಡು ತಾಸು ಕಲಿಸಿದರೆ ಸಾಕು. ಮೋಟಾರು ವಾಹನ ಇಲಾಖೆಯ ಒಬ್ಬರು, ನಿಜವಾದ ಒಂದು ಪಿಕಪ್ಪು, ನಿಜವಾದ ಲೋಡು. ಹೇರುವ ಕೆಲಸದವರನ್ನು ಬಿಡಬಾರದು. ಹೊರೆ ಕಾರ್ಮಿಕರಿಗೆ 1978ರ ಕಾನೂನು ಉಂಟು, ಕ್ಷೇಮನಿಧಿ ಮಂಡಳಿ ಉಂಟು, ಯೂನಿಯನ್ನುಗಳಿವೆ. ಅವರ ಮೂಲಕ ಹೋದರೆ ಒಂದು ತಿಂಗಳಲ್ಲಿ ಎಲ್ಲರಿಗೂ ಮುಟ್ಟುತ್ತದೆ. ಭಾರ ಎತ್ತುವುದರಲ್ಲಿ ಅವರಷ್ಟು ತಿಳಿದವರು ಯಾರೂ ಇಲ್ಲ, ಕಲಿಸುವವರು ಅವರಿಂದಲೂ ಕಲಿಯುವುದು ಬೇಕಾದಷ್ಟಿರುತ್ತದೆ.

ಎರಡನೆಯದು, ಗಾಡಿ ಫಿಟ್ನೆಸ್ ಟೆಸ್ಟಿಗೆ ಬರುವಾಗ ಬಾಡಿಯ ಕೊಂಡಿಗಳನ್ನು ಕೈಯಲ್ಲಿ ಎಳೆದು ನೋಡಬೇಕು. ತುಕ್ಕು ಹಿಡಿದ ಕೊಂಡಿಗೆ ಎಂಥ ಹಗ್ಗ ಕಟ್ಟಿಯೂ ಪ್ರಯೋಜನ ಇಲ್ಲ. ಟೆಸ್ಟಿಗೆ ಬರುವಾಗ ನಾಲ್ಕು ಬೆಲ್ಟು ಗಾಡಿಯಲ್ಲಿ ಇರಲಿ ಎಂದು ಹೇಳಿದರೂ ಆದೀತು. ಹಿಡಿಕೆ ಎಳೆದು ಬಿಗಿಮಾಡುವ ಬೆಲ್ಟುಗಳು ಈಗ ಸುಲಭವಾಗಿ ಸಿಗುತ್ತವೆ.

ಮತ್ತೆ, ಈ ಸೂಚನೆಗಳು ಕನ್ನಡದಲ್ಲೂ ಬರಬೇಕು. ಅರ್ಜಿಯನ್ನು ಕನ್ನಡದಲ್ಲಿ ಕೊಡಲು, ಕನ್ನಡದಲ್ಲೇ ಉತ್ತರ ಪಡೆಯಲು 1969ರ ಅಧಿಕೃತ ಭಾಷಾ ಕಾನೂನು ನಮಗೆ ಅವಕಾಶ ಕೊಟ್ಟಿದೆ. ಅದನ್ನು ಹಕ್ಕಿಗಾಗಿ ಮಾತ್ರ ಹೇಳುತ್ತಿಲ್ಲ. ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆಯ ಎಷ್ಟೋ ಡ್ರೈವರುಗಳು ಶಾಲೆಯಲ್ಲಿ ಕಲಿತದ್ದು ಕನ್ನಡ. ಮಲಯಾಳ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಹಗ್ಗದ ಬಗ್ಗೆ ಬರೆದದ್ದು ಅವರಿಗೆ ಓದಲು ಬರಬೇಕಲ್ಲ.

ಮೊದಲ ಕ್ಲಾಸಿಗೆ ನಮ್ಮ ಮನೆಯ ಅಂಗಳ ಕೊಡುತ್ತೇನೆ. ಅಡಿಕೆ ಒಣಹಾಕುವ ಜಾಗ, ಎರಡು ಪಿಕಪ್ಪು ಆರಾಮವಾಗಿ ನಿಲ್ಲುತ್ತವೆ. ಆ ದಿನದ ಡ್ರೈವರು ಬರುತ್ತೇನೆ ಎಂದಿದ್ದಾರೆ. ರಸ್ತೆಯಲ್ಲಿ ಬಿದ್ದ ಏಳು ಪೈಪುಗಳನ್ನು ನಾನು ತೋಟಕ್ಕೆ ಹಾಕಲಿಲ್ಲ, ಚಾವಡಿಯಲ್ಲೇ ಇವೆ. ಕಟ್ಟಿ ತೋರಿಸಲು ಅವೇ ಸಾಕು. ತಮ್ಮ ಕಚೇರಿಯಿಂದ ಒಂದು ದಿನ ಗೊತ್ತು ಮಾಡಿ ತಿಳಿಸಿದರೆ ಸುತ್ತಲಿನ ಡ್ರೈವರುಗಳನ್ನು ಕರೆತರುವ ಹೊಣೆ ನನ್ನದು.

ಇಂತು ತಮ್ಮ ವಿಶ್ವಾಸಿ,
ಬದಿಯಡ್ಕ ಪರಿಸರದ ಒಬ್ಬ ಕೃಷಿಕ