ಮಗಳಿಗೊಂದು ಪತ್ರ: ಮಂಗನ ಕಾಯಿಲೆ ಇಳಿದ ಮೇಲೆ

ಪುಟ್ಟೀ,

ನಿನ್ನೆ ನೀನು ಸಿಟ್ಟಿನಲ್ಲೇ ಫೋನ್ ಇಟ್ಟೆ ಅಂತ ಗೊತ್ತಾಯಿತು. ನಾನೇ ತಿರುಗಿ ಮಾಡೋಣ ಅಂದರೆ ಜಗಲಿಯಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ, ತುಂಬ ಹೊತ್ತು ಮಾತಾಡಬೇಕಾದರೆ ಗುಡ್ಡದ ಮೇಲಿನ ಗೇರುಮರದ ತನಕ ಹೋಗಬೇಕು. ಗುಡ್ಡಕ್ಕೆ ಕಾಲಿಡಬೇಡ ಅಂತ ಆಣೆ ಹಾಕಿಸಿಕೊಂಡವಳೂ ನೀನೇ ಅಲ್ವಾ? ಅದಕ್ಕೆ ಕಾಗದ. ಫೋನಿನಲ್ಲಾದರೆ ಅರ್ಧಕ್ಕೇ ‘ಅಮ್ಮಾ, ಸುಮ್ನಿರು’ ಅಂತೀಯ. ಇಲ್ಲಿ ಅದು ನಡೆಯುವುದಿಲ್ಲ. ಅಕ್ಷರ ಸೊಟ್ಟಗಿದೆ, ನಗಬೇಡ. ಕೈ ನಡುಕ ಇನ್ನೂ ಪೂರ್ತಿ ಹೋಗಿಲ್ಲ.

ತೋಟ ಮಾರಿಬಿಡೋಣ ಅಂತ ನೀನು ಅಂದ ಮಾತಿಗೆ ಆಮೇಲೆ ಬರುತ್ತೇನೆ.

ಡಿಸ್ಚಾರ್ಜ್ ದಿನದ್ದು ಬರೆಯುವುದೇನಿದೆ? ಫೈಲು ಹಿಡಿದು ಕೌಂಟರಿನಿಂದ ಕೌಂಟರಿಗೆ ಓಡಿದವಳು ನೀನೇ. ಮನೆಯ ಸಮಾಚಾರ ಇಷ್ಟು. ಗಂಜಿ ಸೇರುತ್ತಿದೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು. ಕೊಟ್ಟಿಗೆಯ ಮೆಟ್ಟಿಲಲ್ಲಿ ಕೂತು, ಎದ್ದು ಹೋಗಬೇಕು. ಈ ಸುಸ್ತು ಬೇಗ ಬಿಡುವುದಿಲ್ಲ ಅಂತ ಡಾಕ್ಟರು ಹೇಳಿದ್ದರಲ್ಲ, ಹೆದರಬೇಡ. ನೋಡಲು ಬಂದವರಲ್ಲಿ ಸುಮಾರು ಜನ ಅಂಗಳದಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಇದು ಉಣುಗು ಕಚ್ಚಿ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅಂತ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆಮನೆಗೆ ಹೇಳಿ ಬಂದಿದ್ದಾಳೆ. ಆದರೂ ನಮ್ಮನೆಯ ಚಾ ಲೋಟ ಮುಟ್ಟುವುದಿಲ್ಲ. ಹುಬ್ಬಳ್ಳಿಯ ನೆಂಟರೊಬ್ಬರು ಫೋನ್ ಮಾಡಿ, ‘ಮಂಕಿಪಾಕ್ಸ್ ಅಂತೆ, ಮೈಮೇಲೆ ಗುಳ್ಳೆ ಎದ್ದಿದೆಯಾ’ ಅಂತ ಕೇಳಿದರು! ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ ಇದು. ಪ್ರಪಂಚದ ಡಾಕ್ಟರುಗಳೆಲ್ಲ ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ನೆಂಟರಿಗೆ ಮಾತ್ರ ಗೊತ್ತಿಲ್ಲ.

ಈಗ ನಾನು ಬರೆಯಲು ಕೂತ ವಿಷಯ. ಆಸ್ಪತ್ರೆಯ ಚೀಲ ಬಿಚ್ಚುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ನೀನು ಇದನ್ನೆಲ್ಲ ಬರೆದಿಡುತ್ತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ‘ಬೆಳಿಗ್ಗೆ 6, ಜ್ವರ 102. ಎರಡು ಚಮಚ ಗಂಜಿ, ವಾಂತಿ. ಮೂತ್ರ 300 ಎಂಎಲ್.’ ಒಂದು ಕಡೆ ‘ಪ್ಲೇಟ್‌ಲೆಟ್ 28 ಸಾವಿರ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಅದೇ 1 ಲಕ್ಷ 60 ಸಾವಿರ ಆದ ದಿನ, ಪೆನ್ನು ಆಚೆ ಬದಿಗೆ ಮೂಡುವಷ್ಟು ಒತ್ತಿ ಟಿಕ್ ಹಾಕಿದ್ದೀಯ. ಅಪ್ಪನಿಗೆ ತೋರಿಸಿದೆ. ಅಡಿಕೆ ಮಂಡಿಯ ಲೆಕ್ಕದ ಚೀಟಿ ನೋಡುವ ಹಾಗೆ ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದರು. ಏನೂ ಅನ್ನಲಿಲ್ಲ. ಈಗ ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವರ ಕೆಲಸ. ‘ಡಾಕ್ಟರ ಹತ್ರ ಇಂಗ್ಲಿಷಲ್ಲೇ ಮಾತಾಡ್ತಿದ್ಲು’ ಅಂತ ಒಂದು ಒಗ್ಗರಣೆ ಬೇರೆ.

ಆದರೆ ನಡುವೆ ಒಂದು ಹಾಳೆ ಇಲ್ಲ. ಹೊಲಿಗೆಯ ಹತ್ತಿರ ಚೂರು ಉಳಿದಿದೆ, ಅದರಲ್ಲಿ ನಿನ್ನ ಅಕ್ಷರದ ಬಾಲಗಳು ಕಾಣುತ್ತವೆ. ಹಿಂದಿನ ಪುಟ ನನ್ನನ್ನು ಎರಡನೇ ಸಲ ಅಡ್ಮಿಟ್ ಮಾಡಿದ ದಿನದ್ದು. ಮುಂದಿನ ಪುಟ ‘ಅಮ್ಮ ಗುರುತು ಹಿಡಿದಳು’ ಅಂತ ಶುರುವಾಗುತ್ತದೆ. ಮಧ್ಯದ ರಾತ್ರಿಯನ್ನು ಯಾಕೆ ಹರಿದೆ?

ಮೊದಲನೇ ಜ್ವರ ನನಗೆ ಚೆನ್ನಾಗಿ ನೆನಪಿದೆ. ತಲೆ ಒಡೆದು ಹೋಗುವಂಥ ನೋವು, ಮೀನಖಂಡ ಮುಟ್ಟಗೊಡದ ನೋವು, ವಸಡಿನಲ್ಲಿ ರಕ್ತ. ಅದು ಇಳಿದು ಮನೆಗೆ ಬಂದೆವು. ಸಾರಿಗೆ ಒಗ್ಗರಣೆ ಹಾಕುವಷ್ಟು ಗಟ್ಟಿಯೂ ಆದೆ. ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬರುತ್ತದೆ, ಆಗ ತಲೆಗೇರಬಹುದು ಅಂತ ಡಾಕ್ಟರು ಹೇಳಿದ್ದನ್ನು ನೀನೊಬ್ಬಳೇ ಕಿವಿಗೆ ಹಾಕಿಕೊಂಡಿದ್ದೆ. ಎರಡನೆಯದರಲ್ಲಿ ನನಗೆ ನೆನಪಿರುವುದು ಹುಲಿಕಲ್ ಘಾಟಿಯ ತಿರುವಿನಲ್ಲಿ ಗ್ಲೂಕೋಸ್ ಬಾಟಲಿ ಓಲಾಡಿದ್ದು. ಆಮೇಲೆ ಏನೂ ಇಲ್ಲ.

ನೀನು ಮಾತ್ರೆ ತರಲು ಹೋದಾಗ ಪಕ್ಕದ ಬೆಡ್ಡಿನ ಅಜ್ಜಿ ಹೇಳಿದರು, ‘ಆ ರಾತ್ರಿ ನಿಮ್ಗೆ ಎಚ್ಚರವೇ ಇರ್ಲಿಲ್ಲ. ನೀರು ಬಂತು, ದನ ಬಿಚ್ಚಿ ಅಂತ ಕೂಗಿದ್ರಿ. ಈ ಹುಡುಗಿಗೂ ಎಂಥೆಂಥದೋ ಅಂದ್ರಿ. ಪಾಪ, ಹೊರಗೆ ಹೋಗಿ ಅತ್ತು ಬಂತು.’

ನೀರು, ದನ ಅಂದದ್ದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದು ನಿನ್ನ ಅಜ್ಜಿಯ ಕತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆಗಿ ಶರಾವತಿ ಹಿನ್ನೀರು ಏರಿದಾಗ ಅವರು ಮನೆ, ತೋಟ ಎಲ್ಲ ಬಿಟ್ಟು ಬಂದವರು. ಮಳೆಗಾಲದಲ್ಲಿ ಒಲೆ ಮುಂದೆ ಕೂತರೆ ಅದೇ ಮಾತು. ಮುಳುಗಡೆ ನಾನು ಕಂಡದ್ದಲ್ಲ, ಬರೀ ಕೇಳಿದ್ದು. ಜ್ವರಕ್ಕೆ ಅದು ಯಾರ ನೆನಪು ಅಂತ ಗೊತ್ತಾಗಲಿಲ್ಲ, ಅಷ್ಟೆ.

ನನ್ನನ್ನು ತಿನ್ನುತ್ತಿರುವುದು ಆ ‘ಎಂಥೆಂಥದೋ’. ನಿನ್ನನ್ನು ಕೇಳಿದರೆ ‘ನೀನು ಏನೂ ಅಂದಿಲ್ಲ’ ಅಂತ ಮುಖ ಆಚೆ ತಿರುಗಿಸುತ್ತೀಯ. ಅಪ್ಪನನ್ನು ಕೇಳಿದರೆ ‘ಜ್ವರದ ಮಾತು, ಬಿಡು’ ಅಂತಾರೆ. ಅಂದರೆ ಮಾತಂತೂ ಆಗಿದೆ. ಹೊಸನಗರದ ಆ ಸಂಬಂಧದ ವಿಷಯ ಎತ್ತಿದೆನಾ? ಕೆಲಸ ಬಿಟ್ಟು ಬಾ ಅಂದೆನಾ? ಇಲ್ಲ, ಅದಕ್ಕೆಲ್ಲ ನೀನು ಅಳುವವಳಲ್ಲ, ತಿರುಗಿ ಜಗಳ ಆಡುವವಳು. ಗಂಡು ಮಗ ಇದ್ದಿದ್ದರೆ ಅಂತ ಏನಾದರೂ ಅಂದೆನಾ? ರಾತ್ರಿ ನಿದ್ದೆ ಬಾರದಾಗ ಸುತ್ತಿ ಸುತ್ತಿ ಇಲ್ಲಿಗೇ ಬಂದು ನಿಲ್ಲುತ್ತೇನೆ. ನೀನು ಹುಟ್ಟಿದಾಗಿನಿಂದ ಅಜ್ಜಿ ನನಗೆ ಅಂದದ್ದು ಆ ಮಾತು. ತೊಟ್ಟಿಲು ತೂಗುವಾಗಲೂ ಅಂದರು, ನೀನು ಇಡೀ ಶಾಲೆಗೆ ಮೊದಲನೆಯವಳಾಗಿ ಬಂದಾಗಲೂ ಅಂದರು. ಕೇಳಿ ಕೇಳಿ ಕಿವಿಯಲ್ಲಿ ಕೂತದ್ದು ಆ ರಾತ್ರಿ ಬಾಯಿಗೆ ಬಂದಿದ್ದರೆ, ಅದು ನನ್ನ ಮಾತಲ್ಲ ಪುಟ್ಟೀ. ನೀರು ಬಂತು ಅಂದದ್ದು ಹೇಗೆ ನನ್ನದಲ್ಲವೋ ಇದೂ ಹಾಗೆ. ಒಳಗೆ ಇದ್ದದ್ದೇ ಬಾಯಿಗೆ ಬರುತ್ತದೆ ಅಂತ ಜನ ಅಂತಾರೆ. ಜನಕ್ಕೆ ಈ ಜ್ವರ ಬಂದಿಲ್ಲ. ನಾನು ಬೇರೇನೋ ಅಂದಿದ್ದರೂ ನಿನಗೆ ನೋವಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎದುರು ಕೂತು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಳೆ ಇಟ್ಟುಕೊಂಡಿದ್ದರೆ ಒಲೆಗೆ ಹಾಕು. ಅಥವಾ ಏನಿತ್ತು ಅಂತ ಹೇಳಿಬಿಡು. ಎರಡರಲ್ಲಿ ಒಂದು ಮಾಡು.

ಮತ್ತೆ ನೀನು ರಾತ್ರಿ ಹನ್ನೊಂದಕ್ಕೆ ಉಣ್ಣುವುದನ್ನು ಬಿಡಬೇಕು. ಆಸ್ಪತ್ರೆಯಲ್ಲಿ ನೋಡಿದೆ, ಚಾ ಮತ್ತು ಬಿಸ್ಕತ್ತಿನಲ್ಲೇ ದಿನ ಕಳೆಯುತ್ತೀಯ. ಕಣ್ಣ ಕೆಳಗೆ ಕಪ್ಪಾಗಿದೆ. ತಲೆನೋವು ಅಂದರೆ ಸಾಕು, ಯಾವುದೋ ಮಾತ್ರೆ ನುಂಗುತ್ತೀಯ. ಈ ಜ್ವರದಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವ ಜಾಸ್ತಿ ಆಗಬಹುದು ಅಂತ ನನಗೆ ಪಾಠ ಹೇಳಿದವಳು ನೀನು. ಮೊದಲು ನಿನಗೆ ಹೇಳಿಕೋ. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ, ಆಯಿತು ಬಿಡು. ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿಯಾದರೂ ಕುಡಿ.

ತೋಟ ಕೊಡುವುದಿಲ್ಲ. ಬ್ರೋಕರಿಗೆ ಇವತ್ತೇ ಹೇಳಿಬಿಡು. ಈ ಮನೆಯವರು ಒಂದು ಸಲ ಸರ್ಕಾರ ಹೇಳಿತು ಅಂತ ತೋಟ ಬಿಟ್ಟಿದ್ದಾರೆ, ಇನ್ನೊಂದು ಸಲ ಎಳ್ಳುಕಾಳಿನಷ್ಟು ಸಣ್ಣ ಉಣುಗಿಗೆ ಹೆದರಿ ಬಿಡಬೇಕಾ? ಆದರೆ ದನದ ವಿಷಯದಲ್ಲಿ ನೀನು ಹೇಳಿದ್ದಕ್ಕೆ ಒಪ್ಪಿದ್ದೇನೆ. ಕಾಡಿಗೆ ಮೇಯಲು ಬಿಟ್ಟರೆ ಮೈಗೆ ಉಣುಗು ಹತ್ತಿಸಿಕೊಂಡು ಕೊಟ್ಟಿಗೆಗೆ ಬರುತ್ತವೆ. ಮಳೆ ಹಿಡಿಯುವ ತನಕ ಕಟ್ಟಿಯೇ ಹಾಕುತ್ತೇವೆ. ಗೌರಿ ದಿನವಿಡೀ ಕೂಗುತ್ತಾಳೆ, ಕೂಗಲಿ.

ನನ್ನ ಬಗ್ಗೆ ನಿನಗೆ ಚಿಂತೆ ಬೇಡ. ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದು ಅಪರೂಪ ಅಂತಾರೆ. ಅಪ್ಪನಿಗೆ ಬಂದಿಲ್ಲವಲ್ಲ, ಅದು ನನ್ನ ಚಿಂತೆ. ಮೊದಲು ಹಾಕುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತುಹೋಯಿತು, ಹೊಸದು ಇನ್ನೂ ನಮ್ಮೂರಿಗೆ ಬಂದಿಲ್ಲ. ಇವರು ಮೊನ್ನೆ ನಾನು ಮಲಗಿದ್ದಾಗ ಸೊಪ್ಪಿನಬೆಟ್ಟದ ಕಾಡಿಗೆ ಒಣಗಿದ ದರಗೆಲೆ ಗುಡಿಸಲು ಹೋಗಿ ಬಂದಿದ್ದಾರೆ! ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆಶಾ ಅಕ್ಕ ಕೊಟ್ಟ ಡೆಪಾ ತೈಲದ ಬಾಟಲಿ ಗೂಡಿನಲ್ಲಿ ಮುಚ್ಚಳ ಬಿಚ್ಚದೆ ಕೂತಿದೆ. ವಾಸನೆಯಂತೆ. ಬಂದವರು ಬಿಸಿನೀರು ಮೀಯದೆ, ಬಟ್ಟೆಯನ್ನೂ ನೆನೆಹಾಕದೆ ಚಾ ಕೇಳಿದರು. ನಾನು ಹೇಳಿದರೆ, ‘ಐವತ್ತು ವರ್ಷದಿಂದ ಕಾಡಿಗೆ ಹೋಗ್ತಿದೀನಿ’ ಅಂತಾರೆ. ನಾನೂ ಹೋಗುತ್ತಿದ್ದವಳೇ ತಾನೆ.

ನೀನು ಹೇಳಿದರೆ ಕೇಳುತ್ತಾರೆ. ಸಂಜೆ ಏಳರ ಹೊತ್ತಿಗೆ ಜಗಲಿಯಲ್ಲಿರುತ್ತಾರೆ, ಆಗ ಮಾಡು. ತೋಟದ ಜಗಳ ಅವರ ಹತ್ತಿರ ತೆಗೆಯಬೇಡ, ತೈಲದ ಜಗಳ ಮಾತ್ರ ಆಡು. ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳದೆ ಅಂಗಳ ದಾಟುವ ಹಾಗಿಲ್ಲ ಅಂತ ಜೋರು ಮಾಡು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದು ಮುಗಿದ ಮೇಲೆ ಇಬ್ಬರೂ ಬೆಂಗಳೂರಿಗೆ ಬಂದು ನಿನ್ನ ಜೊತೆ ಸ್ವಲ್ಪ ದಿನ ಇರುತ್ತೇವೆ, ದನಕ್ಕೆ ಹುಲ್ಲು ಹಾಕಲು ಯಾರಾದರೂ ಸಿಕ್ಕರೆ.

ನಿನ್ನ
ಅಮ್ಮ